ಮೊದಲ ಮೊಸರಿನ ಹೆಪ್ಪು

ಅಲುಗಿತು, ತಟ್ಟೆ ಸರಿಸಿದಾಗ ಪಾತ್ರೆಯೊಳಗೆ ಅಲುಗಿತು, ಹಾಲು ಅಲುಗುವಂತಲ್ಲ, ಒಂದೇ ಮೈಯಾಗಿ — ಬೆರಳಿಟ್ಟೆ, ತಣ್ಣಗೆ, ಬೆರಳು ತೆಗೆದಲ್ಲಿ ಗುಳಿ ನಿಂತಿತು, ಮೊಸರಾಗಿದೆ, ಹೆಪ್ಪು ಹಾಕದ ಹಾಲು ಮೊಸರಾಗಿದೆ, ನಾನು ಹಾಕಿಲ್ಲ, ಸೊಸೆ ಸುಧಾ ಹಾಕಿರಲಾರಳು, ಮನೆಯಲ್ಲಿ ಹೆಪ್ಪೇ ಇಲ್ಲವಲ್ಲ, ಅವಳು ಬಸುರಿ ಎಂದು ತಿಳಿದ ದಿನದಿಂದ ಹೊಸ್ತಿಲು ದಾಟಿಸಿ ಹೆಪ್ಪು ಕೊಟ್ಟವಳಲ್ಲ ನಾನು, ಬಸುರಿ ಮನೆಯದು ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು, ನಮ್ಮತ್ತೆ ನಡೆಸಿದ್ದು ಹಾಗೆ, ಪಕ್ಕದ ಮನೆ ಆದಿಲಕ್ಷ್ಮಮ್ಮ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, ಏನ್ ಕದಿರಮ್ಮಾ, ಒಂದ್ ಚಮ್ಚ ಹೆಪ್ಪು ಕೊಟ್ರೆ ನಿನ್ ಮೊಮ್ಮಗು ನನ್ ಬಟ್ಲಾಗೆ ಬಂದ್ಬುಡ್ತದಾ, ನಗುತ್ತ ಅಂದಳು, ನಾನು ನಗಲಿಲ್ಲ, ಹೋದ ಸಲ ಸುಧಾ ಬಸುರಿಯಾದಾಗ ಎಲ್ಲರೂ ನಕ್ಕಿದ್ದೆವು — ನಿನ್ನೆ ಮರೆವು, ನಾನೇ ಹೆಪ್ಪಿನ ಬಟ್ಟಲು ತೊಳೆದುಬಿಟ್ಟೆ, ಕೇಳಿ ತರುವಂತಿಲ್ಲ, ಅಂಗಡಿ ಪ್ಯಾಕೆಟ್ಟೂ ಹೊರಗಿನದೇ, ಹಾಲು ಉಕ್ಕಿಸಿ ಮುಚ್ಚಿಟ್ಟೆ, ಮೆಣಸಿನಕಾಯಿ ತೊಟ್ಟನ್ನೂ ಹಾಕದೆ, ಆದರೆ ಆಗಲಿ ಅಂದುಕೊಂಡೆ, ಏನು ಆದರೆ, ಮೊಸರೋ ಇನ್ನೊಂದೋ — ಹೋದ ವಾರದ ಸ್ಕ್ಯಾನಿನಲ್ಲಿ ಅವರೆಕಾಳಿನಷ್ಟು ಕಪ್ಪು ಗುಳಿ, ಅದರೊಳಗೆ ನುಚ್ಚಕ್ಕಿಯಷ್ಟು ಬಿಳುಪು, ಅಲುಗದ ಬಿಳುಪು, ಇನ್ನುಂ ಹಾರ್ಟ್‌ಬೀಟ್ ವರಲೆ ಎಂದಳು ತಮಿಳಿನ ಡಾಕ್ಟರಮ್ಮ, ಇನ್ನೂ ಎದೆಬಡಿತ ಬಂದಿಲ್ಲ, ಕೆಲವರಿಗೆ ತಡ, ವಾರ ಬಿಟ್ಟು ಬನ್ನಿ, ಆಗಲೂ ಬರದಿದ್ದರೆ, ಅಷ್ಟಕ್ಕೆ ನಿಲ್ಲಿಸಿದಳು, ಹೋದ ಸಲವೂ ಅಷ್ಟಕ್ಕೇ ನಿಲ್ಲಿಸಿದ್ದಳು, ಬರಲಿಲ್ಲ, ಬರಿಗೈಯಲ್ಲಿ ಬಂದೆವು, ಇವತ್ತು ಮತ್ತೆ ಹೋಗಬೇಕು.

ಸುಧಾ ಶಾಲೆಯಲ್ಲಿ ಸೈನ್ಸ್ ಹೇಳಿಕೊಡುವವಳು, ಪಾತ್ರೆ ತೋರಿಸಿದರೆ ಬೆಚ್ಚಲಿಲ್ಲ, ಅದೇನ್ ದೆವ್ವ ಅಲ್ಲ ಅತ್ತೆ, ಕಣ್ಗೆ ಕಾಣ್ದಿರೋ ಜೀವಿಗಳು, ಗಾಳೀಲಿರ್ತವೆ, ಪಾತ್ರೇಲಿರ್ತವೆ, ನಿಮ್ ಕೈಯಾಗೇ ಇರ್ತವೆ, ಜೀವ ಇರೋದ್ರಿಂದ್ಲೇ ಜೀವ ಬರೋದು — ಸರಿ ಕಣಮ್ಮಾ, ಹಂಗಾದ್ರೆ ಮೊದಲ್ನೇ ಮೊಸರಿಗೆ ಹೆಪ್ಪು ಯಾರ್ ಕೊಟ್ರು — ನಕ್ಕಳು, ಎಷ್ಟೋ ದಿನದ ಮೇಲೆ, ಅದೇ ಅತ್ತೆ ಯಾರ್ಗೂ ಗೊತ್ತಿಲ್ದಿರೋದು, ಕಾದ ನೀರು, ಉಪ್ಪು, ಸಿಡಿಲು, ಜೀವ ಇಲ್ದಿರೋ ಸಣ್ಣ ಸಣ್ಣ ಕಣ, ಅಂಟ್ಕೊಂಡು, ಬಿಟ್ಕೊಂಡು, ಕೋಟಿ ಸಲ ಕೆಟ್ಟು, ಯಾವಾಗ್ಲೋ ಒಂದ್ಸಲ ತನ್ನಂಥದ್ದೇ ಇನ್ನೊಂದನ್ನ ಮಾಡ್ಕೊಂಬುಡ್ತು — ಆಗೋ ಅಂಥದ್ದೇನೇ ಅದು ಅಂದೆ — ಆಗೋದೇ ಇಲ್ಲ ಅನ್ನೋಷ್ಟು ಕಷ್ಟ ಅಂತಾರೆ ಕೆಲವ್ರು, ಆಗ್ದೆ ಇರಾಕಾಗಲ್ಲ ಅಂತಾರೆ ಇನ್ ಕೆಲವ್ರು, ನಮಗೆ ಗೊತ್ತಿರೋದು ಆಗಿದ್ದು ಒಂದೇ ಸಲ, ಒಂದ್ರಿಂದ ಹೆಂಗ್ ಹೇಳೋದು — ಹೇಳುವಾಗ ಕೈ ಹೊಟ್ಟೆಯ ಮೇಲೇ ಇತ್ತು, ಅವಳಿಗೆ ಅದು ತಿಳಿಯಲಿಲ್ಲ. ಆಸ್ಪತ್ರೆಯ ದಾರಿ, ಆಟೋದಲ್ಲಿ ಮಗ ಮುನಿಕೃಷ್ಣ ಸ್ಕ್ಯಾನಿನ ಚೀಟಿ ಮಡಚುತ್ತಾನೆ, ಬಿಡಿಸುತ್ತಾನೆ, ಲಾರಿಗಳ ಹೊಗೆ, ಗೋಡೆಗಳ ಮೇಲೆ ತಮಿಳು ಅಕ್ಷರ, ಓದುತ್ತೇನೆ, ಬಿಡಲಾಗುವುದಿಲ್ಲ, ರಾತ್ರಿ ಶಾಲೆಯಲ್ಲಿ ಮುಪ್ಪಾದ ಮೇಲೆ ಕಲಿತದ್ದು, ಬರೀ ಗೀರು, ಸುಣ್ಣದ ಗೀರು, ಸತ್ತಂತೆ ಬಿದ್ದಿದ್ದವು, ಒಂದು ದಿನ ಸ್ಲೇಟಿನಿಂದ ತಾವೇ ಬಾಯಿಬಿಟ್ಟು ಕದಿರಮ್ಮ ಅಂದವು, ಹೆದರಿ ಬೋರಲು ಹಾಕಿದೆ, ಹಿಂದಿನ ದಿನವೂ ಅವೇ ಗೀರು, ನಡುವೆ ಏನು ಬಂದು ಸೇರಿತು, ಎಲ್ಲಿಂದ, ಆ ಬಿಳುಪಿನೊಳಕ್ಕೂ ಬರಬೇಕಲ್ಲ ಎಲ್ಲಿಂದಲೋ, ಬರಲೆಂದು ಬೇಡುತ್ತೇನೆ, ಬರುವುದು ಯಾರೆಂದು ನೆನೆದರೆ ಬೆನ್ನು ತಣ್ಣಗಾಗುತ್ತದೆ —

ಕೋಣೆ ಕತ್ತಲು, ಪರದೆಯಲ್ಲಿ ಬೂದಿ ಬಣ್ಣ, ಸುಧಾಳ ಕೈ ನನ್ನ ಕೈಯಲ್ಲಿ, ಬೂದಿ ಸರಿಯಿತು, ಕಪ್ಪು ಗುಳಿ, ಬಿಳುಪು, ಅಲುಗದು, ಅಲುಗದು, ಡಾಕ್ಟರಮ್ಮ ಸ್ಕ್ಯಾನಿನ ಹಿಡಿ ಓರೆ ಮಾಡಿ ಒತ್ತಿದಳು, ಪಾರುಂಗಮ್ಮಾ, ತುಡಿಕ್ಕುದು — ಹೌದು, ಮಿಡಿಯುತ್ತಿದೆ, ನುಚ್ಚಕ್ಕಿಯ ನಡುವೆ ದೀಪದಂತೆ ಹತ್ತಿ, ಆರಿ, ಹತ್ತಿ, ಅತ್ತೇ ಅತ್ತೇ ಎಂದು ಸುಧಾ ಅಳುತ್ತಿದ್ದಾಳೆ, ಹೂಂ ಕಣಮ್ಮಾ ಅನ್ನುತ್ತೇನೆ, ನನಗೆ ಅಳು ಬಾರದು, ಹೋದ ವಾರ ಇರಲಿಲ್ಲ, ಒಳಗೆ ಯಾರೂ ಹೋಗಿಲ್ಲ, ಯಾರೂ ತಟ್ಟಿಲ್ಲ, ಮೊದಲ ಸಲ ಅದು ಹತ್ತಿದಾಗ ನಾವೆಲ್ಲ ಏನು ಮಾಡುತ್ತಿದ್ದೆವು, ಉಣ್ಣುತ್ತಿದ್ದೆವೋ, ಬಟ್ಟೆ ಹಿಂಡುತ್ತಿದ್ದೆವೋ, ನೋಡುತ್ತಿದೆ ನನ್ನನ್ನು, ಕಣ್ಣಿಲ್ಲದೆ — ಅಳತೆ ತೆಗೀಬೇಕು ಎಂದು ಡಾಕ್ಟರಮ್ಮ ಗುಂಡಿ ಒತ್ತಿದಳು, ನಿಂತಿತು, ಚಿತ್ರ ಮಾತ್ರ ನಿಂತದ್ದು, ಗೊತ್ತು, ಒಳಗೆ ಮಿಡಿಯುತ್ತಲೇ ಇದೆ, ಗೊತ್ತು, ಅವಳು ಗೆರೆ ಎಳೆಯುತ್ತಿದ್ದಾಳೆ, ಕಪ್ಪು ಗುಳಿ, ಒಳಗೆ ಬಿಳುಪು, ಅಲುಗದು, ಇನ್ನೊಮ್ಮೆ ಒತ್ತಮ್ಮಾ, ಬಾಯಿಂದ ಬರುತ್ತಿಲ್ಲ, ಕಪ್ಪು ಗುಳಿ, ಬಿಳುಪು, ಅಲುಗದು —