ಮೂವತ್ತೊಂದು ಮತಗಳ ಅಂತರ

೧

ಮತ ಎಣಿಕೆಯಿಂದ ಶುರು ಮಾಡಿದರೆ ಸೋಲು ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಮದುವೆಯಿಂದ ಶುರು ಮಾಡೋಣವೆಂದರೆ, ಆ ಮದುವೆ ಆಗಬಹುದೋ ಕೂಡದೋ ಎಂಬುದೇ ಜಗಳ. ಪ್ರೀತಿಯಿಂದ ಶುರು ಮಾಡು ಅನ್ನುತ್ತೀರಾ? ಅದೂ ಆಯಿತು. ಮೊದಲ ಕರಡಿನಲ್ಲಿ ಸಮುದ್ರವಿತ್ತು, ಮಂಜಿತ್ತು, ದೀಪಸ್ತಂಭವಿತ್ತು, ದಂಡೆಯಲ್ಲಿ ಕೈ ಹಿಡಿದು ನಿಂತ ಇಬ್ಬರು ಹೆಂಗಸರಿದ್ದರು. ಓದಿ ಹೇಳಿದೆ. ಮಾರ್ಲೀನ್ ಕನ್ನಡಕವನ್ನು ಹಣೆಗೇರಿಸಿ ಕೇಳಿದಳು: “ಇದೇನು, ಪ್ರವಾಸಿಗರಿಗೆ ಮಾರೋ ಕ್ಯಾಲೆಂಡರಾ?”

ಹರಿದು ಹಾಕಿದೆ.

೧ (ಇನ್ನೊಂದು ಸಲ)

ಮಾರ್ಲೀನ್ ಆಲಿ ನಮ್ಮೂರಿನ ಕ್ಲರ್ಕ್. ಮೇನ್ ರಾಜ್ಯದ ಪೂರ್ವ ತೀರದಲ್ಲಿರುವ ಟಿಲ್ಟನ್ ಕೋವ್‌ನಲ್ಲಿ ಯಾರು ಹುಟ್ಟಿದರೂ, ಸತ್ತರೂ, ದೋಣಿ ಕೊಂಡರೂ, ನಾಯಿ ಸಾಕಿದರೂ ಅವಳ ಕೌಂಟರಿಗೆ ಬರಲೇಬೇಕು. ಮದುವೆಯ ಲೈಸೆನ್ಸ್ ಕೊಡುವವಳೂ ಅವಳೇ. ಕೇಳಿಕೊಂಡರೆ ನೋಟರಿಯಾಗಿ ನಿಂತು ಮದುವೆ ಮಾಡಿಸುವವಳೂ ಅವಳೇ. ಊರಿನ ಅರ್ಧಕ್ಕರ್ಧ ದಂಪತಿಗಳನ್ನು ಒಂದುಮಾಡಿದ ಕೈ ಅದು. ಇಪ್ಪತ್ತನಾಲ್ಕು ವರ್ಷದಿಂದ ಅವಳು ಬಾಬಿ ಕಾರ್ವರ್ ಜೊತೆ ಒಂದೇ ಮನೆಯಲ್ಲಿದ್ದಳು. ಬಾಬಿಯ ಪೂರ್ತಿ ಹೆಸರು ರೋಬರ್ಟಾ. ಆ ಹೆಸರಿನಲ್ಲಿ ಕರೆದರೆ ತಿರುಗಿಯೂ ನೋಡುವುದಿಲ್ಲ. ಶಾಲೆಯ ಬಸ್ಸಿನ ಡ್ರೈವರ್. ನಲವತ್ತರೊಳಗಿನವರೆಲ್ಲ ಒಂದಲ್ಲ ಒಂದು ದಿನ ಅವಳ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರೇ.

ಇಬ್ಬರ ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಕ್ರಿಸ್‌ಮಸ್ ಕಾರ್ಡುಗಳು ಇಬ್ಬರಿಗೂ ಸೇರಿ ಒಂದೇ ಲಕೋಟೆಯಲ್ಲಿ ಬರುತ್ತಿದ್ದವು.

೨

ಎರಡು ಸಾವಿರದ ಒಂಬತ್ತರ ವಸಂತದಲ್ಲಿ ರಾಜ್ಯದ ಶಾಸನಸಭೆ, ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಮದುವೆಯಾಗಬಹುದು ಎಂದು ಕಾನೂನು ಮಾಡಿತು. ಕಾನೂನು ಜಾರಿಗೆ ಬರುವ ಮೊದಲೇ ವಿರೋಧಿಗಳು ಸಹಿ ಸಂಗ್ರಹಕ್ಕೆ ಹೊರಟರು: ಜನರೇ ಮತ ಹಾಕಿ ತೀರ್ಮಾನಿಸಲಿ, ಬಹುಮತ ಏನನ್ನುತ್ತದೋ ಅದೇ ಆಗಲಿ.

ಆ ಸಹಿಗಳು ನಿಜವಾದ ಮತದಾರರವೇ ಎಂದು ತಾಳೆ ನೋಡಬೇಕಾದವರು ಆಯಾ ಊರಿನ ಕ್ಲರ್ಕುಗಳು. (ಓದುಗರೇ, ಇದನ್ನು ನಾನು ಕಲ್ಪಿಸಿಕೊಂಡಿದ್ದರೆ “ಅತಿಯಾಯಿತು” ಎಂದು ನಾನೇ ಹೊಡೆದುಹಾಕುತ್ತಿದ್ದೆ.) ತನ್ನ ಮದುವೆಯನ್ನು ತಡೆಯಲು ನೆರೆಹೊರೆಯವರು ಹಾಕಿದ ಸಹಿಗಳನ್ನು ಮಾರ್ಲೀನ್ ಒಂದೊಂದಾಗಿ ನೋಡಿದಳು. ಲಾಬ್‌ಸ್ಟರ್ ಹಿಡಿಯುವವರ ದಪ್ಪ ಅಕ್ಷರಗಳು, ಮುದುಕಿಯರ ನಡುಗುವ ಅಕ್ಷರಗಳು, ಎಲ್ಲವೂ ಅವಳಿಗೆ ಪರಿಚಿತ.

“ಒಂದು ಹತ್ತು ಸಹಿ ಸರಿಯಿಲ್ಲ ಅಂದುಬಿಡಬಾರದಾ?” ಅಡುಗೆಮನೆಯಲ್ಲಿ ಬಾಬಿ ಕೇಳಿದಳು.

“ಸರಿಯಾಗಿವೆ ಕಣೇ.”

“ನಿನ್ನ ಮದುವೆಗೆ ಊರಿನವರು ಕೈ ಎತ್ತಬೇಕಾ? ಅವರ ಮದುವೆಗೆ ನೀನು ಎತ್ತಿದ್ದೆಯಾ?”

“ಇಲ್ಲ.”

“ಮತ್ತೆ? ನೂರು ಜನ ಸೇರಿ ಬೇಡ ಅಂದ್ರೆ ಒಬ್ಬರ ಹಕ್ಕು ಹೋಗಿಬಿಡುತ್ತಾ? ಹಾಗಿದ್ರೆ ಅದು ಹಕ್ಕು ಹೇಗಾಗುತ್ತೆ, ಬರೀ ಭಿಕ್ಷೆ.”

ಮಾರ್ಲೀನ್ ಬಟಾಣಿ ಬಿಡಿಸುತ್ತಲೇ ಇದ್ದಳು. “ನೀನು ಹೇಳೋದು ಸರಿ. ಆದ್ರೆ ಸರಿಯಿರೋ ಒಂದು ಸಹಿನ ನಾನು ಸುಳ್ಳು ಅಂತ ಬರೆದ್ರೆ, ನಾಳೆ ನಾವು ಗೆದ್ದಾಗಲೂ ಯಾರೂ ನಂಬೋದಿಲ್ಲ.”

“ಗೆಲ್ತೀವಾ?”

“ನಾನು ಕ್ಲರ್ಕು, ಕಣಿ ಹೇಳೋಳಲ್ಲ.”

೩

ಈ ಭಾಗವನ್ನು ಬರೆಯಬಹುದೋ ಬಾರದೋ ಎಂದು ಬಹಳ ದಿನ ಒದ್ದಾಡಿದೆ. ಹಾರ್ಲನ್ ಬೀಲ್ ಕಳೆದ ವಸಂತದಲ್ಲಿ ತೀರಿಕೊಂಡ. ಇನ್ನು ನೊಂದುಕೊಳ್ಳಲಾರ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಮತದಾನ. ಮತಪತ್ರದ ಪ್ರಶ್ನೆ ಹೀಗಿತ್ತು: ಹೊಸ ಕಾನೂನನ್ನು ತಿರಸ್ಕರಿಸಲು ಬಯಸುತ್ತೀರಾ? ಅಂದರೆ ಮದುವೆ ಬೇಡ ಎನ್ನುವವರು ‘ಹೌದು’ ಅನ್ನಬೇಕು, ಬೇಕು ಎನ್ನುವವರು ‘ಇಲ್ಲ’ ಅನ್ನಬೇಕು. ಹಾರ್ಲನ್ ಎಂಬತ್ತಮೂರು ವರ್ಷದ ಮೀನುಗಾರ. ಓದು ಅವನಿಗೆ ಎಂದೂ ಒಲಿದದ್ದಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಮತಗಟ್ಟೆ ನಡೆಸುತ್ತಿದ್ದ ಮಾರ್ಲೀನಳ ಮೇಜಿನ ಬಳಿ ಬಗ್ಗಿದ.

“ಮಗಳೇ, ನೀನು, ಬಾಬಿ ಮದುವೆ ಆಗಬೇಕು ಅಂದ್ರೆ ನಾನು ಎಲ್ಲಿ ಗುರುತು ಹಾಕಲಿ?”

ಬೇರೆ ಯಾವ ಪ್ರಶ್ನೆಯಾಗಿದ್ದರೂ ಬಿಡಿಸಿ ಹೇಳುತ್ತಿದ್ದಳೇನೋ. ಇದು ಅವಳದೇ ಮದುವೆ. ಪ್ರಶ್ನೆಯನ್ನು ಅಕ್ಷರ ತಪ್ಪದಂತೆ ಗಟ್ಟಿಯಾಗಿ ಓದಿದಳು.

“ಅದು ತಿಳೀತು. ಆದ್ರೆ ಎಲ್ಲಿ?”

ಮತ್ತೆ ಓದಿದಳು. ಆಮೇಲೆ, “ಹಾರ್ಲನ್, ನಾನು ಹೇಳಬಾರದು. ಆಚೆ ಕೂತಿದ್ದಾರಲ್ಲ, ಎರಡೂ ಪಕ್ಷದ ಒಬ್ಬೊಬ್ಬರು, ಅವರನ್ನ ಕರೀತೀನಿ, ಸಹಾಯ ಮಾಡ್ತಾರೆ.”

ಮತಗಟ್ಟೆಯ ಹಾಲಿನಲ್ಲಿ ಹತ್ತು ಜನ ನೋಡುತ್ತಿದ್ದರು. ಮುದುಕನ ಕಿವಿ ಕೆಂಪಾಯಿತು. “ಬೇಡ ಬಿಡು, ನಾನೇನು ಮಗುವಾ?” ಎಂದು ಪರದೆಯ ಹಿಂದೆ ಹೋದ. ಹೊರಬಂದಾಗ ಮುಖದ ತುಂಬ ನಗು. ಹೋಗುತ್ತ ಅವಳ ಭುಜ ತಟ್ಟಿ ಪಿಸುಗುಟ್ಟಿದ: “ನಿಮಗೆ ಹೌದು ಅಂತ ಹಾಕಿದೀನಿ ಕಣಮ್ಮಾ!”

ಪಕ್ಕದ ಕುರ್ಚಿಯಲ್ಲಿ ಮತದಾರರ ಪಟ್ಟಿ ಹಿಡಿದು ಕೂತಿದ್ದ ನಾನು ಮಾರ್ಲೀನಳತ್ತ ತಿರುಗಿದೆ. ಮಾರ್ಲೀನ್ ಅವನ ಕೈ ಹಿಡಿದು, “ಥ್ಯಾಂಕ್ಸ್, ಹಾರ್ಲನ್,” ಅಂದಳು. ಅಷ್ಟೇ. ಸಾಯುವವರೆಗೂ ಅವನಿಗೆ ಯಾರೂ ಹೇಳಲಿಲ್ಲ.

೪

ಇಲ್ಲಿ ನಾನೊಂದು ಮೋಸ ಮಾಡಿದ್ದೆ. ಎರಡನೇ ಕರಡಿನಲ್ಲಿ ನಮ್ಮೂರು ಒಂದೇ ಒಂದು ಮತದಿಂದ ಸೋಲುತ್ತದೆ. ಹಾರ್ಲನ್‌ನ ಮತದಿಂದ! ಎಂಥ ಹೊಡೆತ ನೋಡಿ! ಮಾರ್ಲೀನ್ ಆ ಪುಟ ಓದಿ ಪೆನ್ಸಿಲ್ ಕೇಳಿದಳು.

“ಒಂದಲ್ಲ, ಮೂವತ್ತೊಂದು. ನೂರ ಎಂಬತ್ತೆಂಟು, ನೂರ ಐವತ್ತೇಳು. ನಾನೇ ಎಣಿಸಿದ್ದು.”

“ಇದು ಕಥೆ, ಮಾರ್ಲೀನ್.”

“ಕಥೆ ಅಂತ ಆ ಮುದುಕನ ತಲೆಗೆ ಕಟ್ತೀಯಾ? ಉಳಿದ ಮೂವತ್ತು ಜನ ಎಲ್ಲಿ ಹೋದ್ರು?”

ತಿದ್ದಿದ್ದೇನೆ. ಐವತ್ತು ಐವತ್ತರ ಕಟ್ಟು ಮಾಡಿ ಎರಡೆರಡು ಸಲ ಎಣಿಸಿದೆವು. ಮಾರ್ಲೀನ್ ಹಾಲಿನ ನಡುವೆ ನಿಂತು ಫಲಿತಾಂಶ ಓದಿದಳು. ಒಂದು ಅಂಕಿಯೂ ತಡವರಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಎರಡು ಚಪ್ಪಾಳೆ ತಟ್ಟಿದರು. ಮೂರನೆಯದಕ್ಕೆ ಕೈ ಸೇರಲಿಲ್ಲ. ರಾಜ್ಯದಲ್ಲೂ ಕಾನೂನು ಬಿದ್ದುಹೋಯಿತು. ಮಾರ್ಲೀನ್ ಮತಪೆಟ್ಟಿಗೆಗೆ ಸೀಲ್ ಹಾಕಿ, ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದಳು.

ಮರುದಿನ ಬೆಳಿಗ್ಗೆ ಬಾಬಿ ಎಂದಿನಂತೆ ಬಸ್ ತೆಗೆದಳು. (ರಜೆ ಹಾಕಿದಳು ಎಂದು ಬರೆದಿದ್ದೆ. “ಮಕ್ಕಳನ್ನ ಯಾರು, ನೀನು ಕರಕೊಂಡು ಹೋಗ್ತಿದ್ದೆಯಾ?” ಎಂದು ಬೈದಳು.) ಮದುವೆ ಬೇಡ ಎನ್ನುವ ಫಲಕ ನೆಟ್ಟಿದ್ದ ಒಂದು ಅಂಗಳದ ಮುಂದೆ ಬಾಗಿಲು ತೆರೆದಳು. ಮಗಳನ್ನು ಹತ್ತಿಸಲು ಬಂದ ಟೀನಾ, ಚಿಕ್ಕವಳಿದ್ದಾಗ ಇದೇ ಬಸ್ಸಿನ ಮೊದಲ ಸೀಟಿಗೆ ಜಗಳವಾಡುತ್ತಿದ್ದವಳು, ಮೆಟ್ಟಿಲ ಬಳಿ ನಿಂತು ಕಣ್ಣು ಒರೆಸಿಕೊಂಡಳು.

“ಬಾಬಿ, ಅದು ನಿನ್ನ ಬಗ್ಗೆ ಅಲ್ಲ, ಗೊತ್ತಲ್ವಾ?”

“ಮತ್ತೆ ಯಾರ ಬಗ್ಗೆ, ಟೀನಾ? ಈ ಊರಲ್ಲಿ ಇನ್ನು ಯಾರಿದ್ದಾರೆ?”

ಬಾಬಿ ಹುಡುಗಿಯ ಟೋಪಿ ಸರಿಮಾಡಿ, ಬಾಗಿಲು ಮುಚ್ಚಿ, ಬಸ್ ಮುಂದಕ್ಕೆ ಬಿಟ್ಟಳು.

೫

ಮೂರು ವರ್ಷದ ನಂತರ, ಅಂದರೆ ಮೊನ್ನೆಯ ನವೆಂಬರಿನಲ್ಲಿ, ಮತ್ತೆ ಮತದಾನ. ಈ ಸಲ ಪ್ರಶ್ನೆ ನೇರವಾಗಿತ್ತು. ರಾಜ್ಯ ಗೆದ್ದಿತು. ನಮ್ಮೂರು ಐದು ಮತಗಳಿಂದ ಸೋತಿತು. ಮಾರ್ಲೀನ್ ಅದೇ ಹಾಲಿನಲ್ಲಿ ನಿಂತು ಅದೇ ದನಿಯಲ್ಲಿ ಓದಿದಳು.

ಕಾನೂನು ಜಾರಿಯಾದದ್ದು ಡಿಸೆಂಬರಿನ ಒಂದು ಶನಿವಾರ. ರಜೆಯಿದ್ದರೂ ಕಚೇರಿ ತೆರೆದಳು. ನದಿಯ ಮೇಲ್ದಂಡೆಯಿಂದ ಇಬ್ಬರು ಮುದುಕರು ಬಂದರು. ನಲವತ್ತು ವರ್ಷ ಜೊತೆಗಿದ್ದವರು, ಒಬ್ಬನಿಗೆ ಊರುಗೋಲು. ಲೈಸೆನ್ಸ್ ಬರೆದು ಕೊಟ್ಟು ಮನೆಗೆ ಬಂದವಳು ಕೋಟು ಸಹ ಬಿಚ್ಚದೆ ಕೇಳಿದಳು: “ಇನ್ನು ನಾವು?”

ಬಾಬಿ ಮೀನಿನ ಸೂಪಿಗೆ ಆಲೂಗಡ್ಡೆ ಹೆಚ್ಚುತ್ತಿದ್ದಳು. “ನಾನು ಆಗೋದಿಲ್ಲ.”

“ಏನಂದೆ?”

“ಎಣಿಸಿ ಕೊಟ್ಟಿದ್ದನ್ನ ಎಣಿಸಿ ಕಿತ್ಕೊಳ್ತಾರೆ. ಒಂದ್ಸಲ ನೋಡಿದೀವಲ್ಲ.”

“ಮೂವತ್ತೊಂದಿದ್ದದ್ದು ಐದಾಯ್ತು, ಬಾಬಿ. ಯಾರೋ ಮನಸ್ಸು ಬದಲಾಯಿಸಿದ್ದಾರೆ.”

“ಯಾರದೋ ಮನಸ್ಸು ಬದಲಾಯಿಸೋಕೆ ನಾನು ನಿನ್ನ ಜೊತೆ ಬಾಳಲಿಲ್ಲ.”

ಮಾರ್ಲೀನ್ ಕುರ್ಚಿ ಎಳೆದು ಕೂತಳು. “ನಿನಗೆ ಎದೆನೋವು ಬಂದಾಗ ಆಸ್ಪತ್ರೆಯಲ್ಲಿ ನನ್ನನ್ನ ಏನಂತ ಬರ್ಕೊಂಡ್ರು, ನೆನಪಿದೆಯಾ? ಪರಿಚಿತಳು. ಆ ಕಾಲಂ ನೋಡಿದವಳು ನಾನು, ನೀನಲ್ಲ. ಊರಿನವರ ಒಪ್ಪಿಗೆ ನನಗೂ ಬೇಡ. ನನಗೆ ಕಾಗದ ಬೇಕು. ನಾನು ಕಾಗದದವಳು ಕಣೇ, ನಿನಗೆ ಗೊತ್ತಿಲ್ವಾ?”

ಬಾಬಿ ಚಾಕು ಕೆಳಗಿಟ್ಟಳು. “ಪರಿಚಿತಳು ಅಂತ ಬರೆದಿದ್ರಾ?” ಅಂದಳು. “ಹೇಳಲೇ ಇಲ್ಲವಲ್ಲ ನೀನು.”

“ಆಗ ನಿನ್ನ ಎದೆ ಚೆನ್ನಾಗಿರಲಿಲ್ಲ.”

೬

ನನ್ನ ಹತ್ತಿರ ಎರಡು ಮುಕ್ತಾಯಗಳಿದ್ದವು. ಒಂದರಲ್ಲಿ ಬಾಬಿ ಹಳದಿ ಬಸ್ಸನ್ನು ಊರ ಕಚೇರಿಯ ಮುಂದೆ ನಿಲ್ಲಿಸಿ, ಹಳೆಯ ಮಕ್ಕಳೆಲ್ಲ ಇಳಿದು ಬಂದು, ಟೀನಾ ಹೂ ಹಿಡಿದು... ಇನ್ನೊಂದರಲ್ಲಿ ಮದುವೆಯಿಲ್ಲ, ಇಬ್ಬರೂ ಅದೇ ಮೇಜಿನ ಬಳಿ ಹೀಗೇ ವಾದಿಸುತ್ತ ಮುಪ್ಪಾಗುತ್ತಾರೆ.

ಇವತ್ತು ಬೆಳಿಗ್ಗೆ ಅವರ ಮನೆಯಲ್ಲಿ ಎರಡನ್ನೂ ಓದಿದೆ. ಹಿಮ ಬಿದ್ದು ಶಾಲೆಗೆ ರಜೆಯಾದ್ದರಿಂದ ಬಾಬಿಯೂ ಇದ್ದಳು.

“ಕಚೇರಿ ಮುಂದೆ ಬಸ್ ನಿಲ್ಲಿಸೋ ಹಾಗಿಲ್ಲ, ಅಷ್ಟೂ ಗೊತ್ತಿಲ್ವಾ?” ಅಂದಳು ಬಾಬಿ.

“ಎರಡೂ ಹೊಡೆದುಹಾಕು,” ಅಂದಳು ಮಾರ್ಲೀನ್.

“ಓದುಗರು ಕೇಳ್ತಾರೆ. ಆಯ್ತೋ ಇಲ್ವೋ ಅಂತ ಹೇಳಬೇಕಲ್ಲ.”

“ಎಷ್ಟು ಜನ ಓದುಗರು?”

“ಗೊತ್ತಿಲ್ಲ.”

“ಎಷ್ಟಾದರೂ ಇರಲಿ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ನೀನು ಹೆಚ್ಚು ಜನ ಕೇಳಿದ್ದನ್ನ ಬರೀತೀಯ. ನಾವು ಅದನ್ನ ಎರಡು ಸಲ ಕಂಡಾಯ್ತು.”

ಓದುಗರೇ, ಬೇಜಾರು ಮಾಡಿಕೊಳ್ಳಬೇಡಿ. ನಾನು ವಾದಿಸಿದೆ, ಸೋತೆ.

ಮೂವರೂ ಬಾಬಿಯ ಪಿಕಪ್‌ನಲ್ಲಿ ಒತ್ತಿ ಕೂತು ಹೊರಟೆವು. ಮಾರ್ಲೀನಳಿಗೆ ಹೇಗಿದ್ದರೂ ಕೆಲಸಕ್ಕೆ ಹೋಗಬೇಕಿತ್ತು. ನನ್ನನ್ನು ಅಂಚೆ ಕಚೇರಿಯ ಮುಂದೆ ಇಳಿಸಿದರು. ಎದುರಿಗೇ ಊರ ಕಚೇರಿ. ಮಾರ್ಲೀನ್ ಮೆಟ್ಟಿಲ ಮೇಲಿನ ಹಿಮವನ್ನು ಬೂಟಿನಿಂದ ಸರಿಸಿ ಬೀಗ ತೆಗೆದಳು. ದಿನವೂ ಅವಳನ್ನು ಇಳಿಸಿದ ಕೂಡಲೇ ಗಾಡಿ ತಿರುಗಿಸುವ ಬಾಬಿ ಇವತ್ತು ಎಂಜಿನ್ ಆರಿಸಿದಳು, ಕನ್ನಡಿಯಲ್ಲಿ ಕೂದಲು ನೋಡಿಕೊಂಡಳು, ಅವಳ ಹಿಂದೆ ಒಳಗೆ ಹೋದಳು.

ಒಳಗೆ ಕಾಫಿ ಚೆನ್ನಾಗಿರುತ್ತದೆ, ಹೀಟರೂ ಇದೆ. ಡೆಪ್ಯುಟಿ ಕ್ಲರ್ಕ್ ಎಂಟಕ್ಕೇ ಬರುತ್ತಾನೆ, ಲೈಸೆನ್ಸ್ ಅವನೂ ಬರೆದುಕೊಡಬಲ್ಲ. ಮಾರ್ಲೀನ್ ಇವತ್ತು ಕೌಂಟರಿನ ಯಾವ ಕಡೆ ನಿಂತಳು ಎಂದು ನಾನು ರಸ್ತೆ ದಾಟಿ ಹೋಗಿ ನೋಡಬಹುದಿತ್ತು. ಕಿಟಕಿಯ ಪರದೆಯೂ ಸರಿದೇ ಇತ್ತು.

ನಾನು ಅಂಚೆ ಚೀಟಿ ಕೊಳ್ಳಲು ಒಳಗೆ ಹೋದೆ.