ಸೇನಾಪತಿಗೊಂದು ಅರ್ಜಿ

"ಇದನ್ನ ಹರಿದು ಹಾಕಿ ಮೇಷ್ಟ್ರೇ, ಇದು ನಮ್ಮೂರೇ ಅಲ್ಲ" ಎಂದು ಮೂಯ್ ಎಂಬ ಹೆಂಗಸು ಅರ್ಜಿಯ ಹಳದಿ ಕಾಗದವನ್ನು ಮೂರನೇ ಸಲ ತಂದು ಮೇಜಿನ ಮೇಲಿಟ್ಟಾಗ ಥುಯೇನ್ ಮೇಷ್ಟ್ರ ತಲೆ ಕೆಟ್ಟುಹೋಯಿತು.

ಚಾಂದ್ರಮಾನದ ಏಳನೇ ತಿಂಗಳ ಹುಣ್ಣಿಮೆ. ಸತ್ತವರಿಗೆ ಒಂದು ದಿನದ ಬಿಡುಗಡೆ ಸಿಕ್ಕಿ, ಮನೆಗೆ ಬಂದು ಉಂಡು ಹೋಗುವ ದಿನ. ಮಂಗೋಲರನ್ನು ಮೂರು ಸಲ ಓಡಿಸಿ, ಸತ್ತ ಮೇಲೆ ದೇವರಾದ ಸೇನಾಪತಿ ತ್ರಾನ್ ಹುಂಗ್ ಡಾವ್‌ನ ಗುಡಿಯ ಮುಂದೆ ಸಾಲು ರಸ್ತೆಯವರೆಗೂ ಬೆಳೆದಿತ್ತು. ಸತ್ತವರ ಹೆಸರು, ಮನೆಯ ವಿಳಾಸ ಬರೆದ ಅರ್ಜಿಯನ್ನು ಮಧ್ಯಾಹ್ನದೊಳಗೆ ಅವನ ಮುಂದೆ ಓದಿ ಸುಟ್ಟರೆ ಆತ್ಮ ಸರಿಯಾದ ಬಾಗಿಲಿಗೆ ಬರುತ್ತದೆಂದು ಇಲ್ಲಿಯವರ ನಂಬಿಕೆ. ನಲವತ್ತು ವರ್ಷದಿಂದ ಆ ಅರ್ಜಿ ಬರೆಯುತ್ತಿದ್ದ ಮೇಷ್ಟ್ರಿಗೆ ಕಣ್ಣು ಮುಚ್ಚಿದರೂ ಕುಂಚ ಓಡುತ್ತಿತ್ತು. ಆದರೆ ಈ ವರ್ಷ ಜುಲೈ ತಿಂಗಳಲ್ಲಿ ಸರ್ಕಾರ ದೇಶದ ಜಿಲ್ಲೆಗಳನ್ನೆಲ್ಲ ರದ್ದು ಮಾಡಿ, ಇಲ್ಲಿಯ ನಾಮ್‌ದಿನ್ ಪ್ರಾಂತ್ಯವನ್ನು ಪಕ್ಕದ ನಿನ್‌ಬಿನ್‌ಗೆ ಸೇರಿಸಿಬಿಟ್ಟಿತು. ಸರ್ಕಾರಕ್ಕೇನು, ಒಂದು ರುಜು ಹಾಕಿ ಕೈತೊಳೆದುಕೊಂಡಿತು. ಬೆಳಗಿನಿಂದ ಬಂದವರೆಲ್ಲರ ಜೊತೆ ವಿಳಾಸಕ್ಕಾಗಿ ಗುದ್ದಾಡಿದ್ದು ಮೇಷ್ಟ್ರು.

"ಹೊಸ ಹೆಸರೇ ಬರೀಬೇಕು ಅಂತ ಗುಡಿ ಸಮಿತಿಯವರು ಹೇಳಿದಾರಮ್ಮ. ಎಷ್ಟು ಸಲ ಹೇಳ್ಲಿ?"

"ಸಮಿತಿಯವರು ಹೇಳಿದ್ದು ನಿಮಗೆ. ಸತ್ತೋರಿಗೆ ಯಾರು ಹೇಳಿದ್ರು?"

ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು.

"ಸೇನಾಪತಿಗೆ ಎಲ್ಲಾ ಗೊತ್ತಿರುತ್ತೆ. ಅವನ ಮನೆತನದ ಊರೇ ಈಗ ನಿನ್‌ಬಿನ್‌ಗೆ ಸೇರಿದೆ. ಅವನೇ ಸುಮ್ನಿದಾನೆ, ನಿಮ್ಮದೇನು?"

"ಅವನಿಗೆ ಗೊತ್ತಿರುತ್ತೆ ಮೇಷ್ಟ್ರೇ. ನನ್ನ ಮಗನಿಗೆ ಗೊತ್ತಿಲ್ಲ."

ಮೂಯ್ ದನಿ ಏರಿಸಲಿಲ್ಲ. ಮಗ ಹ್ವಾನ್ ಮೂರು ವರ್ಷದ ಹಿಂದೆ ಮೀನಿನ ದೋಣಿಯಲ್ಲಿ ಹೋದವನು, ಹೆಣವೂ ಸಿಗಲಿಲ್ಲ. "ಅವನು ಹೋದಾಗ ಹಾಯ್‌ಹೌ ಜಿಲ್ಲೆ ಇತ್ತು. ನಿನ್‌ಬಿನ್ ಅಂತ ಬರೆದ್ರೆ ಅಲ್ಲಿಗೆ ಹೋಗಿ ಯಾರ ಮನೆ ಮುಂದೆ ನಿಂತ್ಕೋಬೇಕು ಅವನು?"

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದು ರೇಗಿದ ಮೇಷ್ಟ್ರು, ಸಮಿತಿಯವರಿದ್ದ ಕಡೆಗೊಮ್ಮೆ ನೋಡಿ ಹೊಸ ಕಾಗದ ಎಳೆದುಕೊಂಡರು. ನಾಮ್‌ದಿನ್ ಪ್ರಾಂತ್ಯ, ಹಾಯ್‌ಹೌ ಜಿಲ್ಲೆ ಎಂದು ಬರೆದರು. ಬರೆದಾಗ ಅವರ ಕೈಗೂ ಹಾಯೆನಿಸಿತು. ಒಣಗಲೆಂದು ಊದುವಷ್ಟರಲ್ಲಿ ಮೂಯ್ ಮತ್ತೆ ಬಗ್ಗಿದಳು.

"ದಾರೀನೂ ಬರೀರಿ. ಅವನಿಗೆ ಓದು ಅಷ್ಟಕ್ಕಷ್ಟೇ, ಗುರುತು ಹಿಡ್ಕೊಂಡೇ ಬರೋನು."

"ಇದೇನು ಅರ್ಜಿನೋ, ಆಟೋದವನಿಗೆ ಕೊಡೋ ಚೀಟಿನೋ?"

"ಬರೀರಿ ಮೇಷ್ಟ್ರೇ."

ಹಿಂದಿನವರು ಗೊಣಗತೊಡಗಿದರು. ಮೇಷ್ಟ್ರು ಹಲ್ಲು ಕಚ್ಚಿ ಅವಳು ಹೇಳಿದಂತೆ ಬರೆದರು. ಸಮುದ್ರದ ಒಡ್ಡು ಇಳಿದು, ಐಸ್ ಕಾರ್ಖಾನೆ ದಾಟಿ, ಎಡಕ್ಕೆ, ಮೂರನೇ ಮನೆ, ಕಬ್ಬಿಣದ ಗೇಟು.

"ಅಲ್ಲಿ ಎಲ್ಲಾ ಮನೇಗೂ ಕಬ್ಬಿಣದ ಗೇಟೇ. ಬಣ್ಣ ಯಾವುದು?" ಎಂದು ಮೇಷ್ಟ್ರೇ ಕೇಳಿದರು.

"ಹಸಿರು. ಅವನೇ ಬಳಿದಿದ್ದ." ಮೂಯ್ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡಳು. "ಹೋದ ತಿಂಗಳು ತುಕ್ಕು ಹಿಡೀತು ಅಂತ ನೀಲಿ ಬಳಿಸಿಬಿಟ್ಟೆ."

ಗೊಣಗುತ್ತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರಿಗೆ ಬೈಯಲು ಯಾರೂ ಸಿಗಲಿಲ್ಲ.

"ಯಾವುದು ಬರೀಲಿ ತಾಯಿ?"

"ಹಸಿರು ಅಂತ್ಲೇ ಬರೀರಿ. ಬಂದೆ" ಎಂದವಳೇ ಸಾಲು ಸೀಳಿಕೊಂಡು ಹೊರಟಳು.

ಮೇಷ್ಟ್ರು ಹಸಿರು ಎಂದು ಬರೆದು, ಕಾಗದ ಹಾರದಂತೆ ಮಸಿಯ ಬಟ್ಟಲನ್ನು ಅದರ ಮೇಲಿಟ್ಟು ತಲೆಯೆತ್ತಿದರು. ರಸ್ತೆಯಾಚೆ ಬಣ್ಣದಂಗಡಿಯಲ್ಲಿ ಮೂಯ್ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಸುತ್ತಾ, ಇದಲ್ಲ, ಇದೂ ಅಲ್ಲ ಎಂದು ಅಂಗಡಿಯವನ ಪ್ರಾಣ ತಿನ್ನುತ್ತಿದ್ದಳು.