ಕತ್ತರಿಸಬೇ...

ನನ್ನದೊಂದು ಸಣ್ಣ ಚಿಂತೆ. ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಮಾತಾಡುವಾಗ ವಾಕ್ಯದ ಕೊನೆಯನ್ನು ನುಂಗಿಬಿಡುತ್ತೇನೆ. ಕನ್ನಡದಲ್ಲಿ ಹೌದೋ ಅಲ್ಲವೋ, ಬೇಕೋ ಬೇಡವೋ ಎಲ್ಲ ಇರುವುದು ಕೊನೆಯಲ್ಲೇ.

ಪದವಿ ಮುಗಿಸಿ ಗಲ್ಫಿಗೆ ಬಂದು, ಅಲ್ ಕೂಜ್‌ನ ಈ ಫ್ರೇಮಿನ ಅಂಗಡಿ ಸೇರಿ ಏಳು ತಿಂಗಳು. ಯಜಮಾನರು ಮೋಹನದಾಸ್. ಹಿಂಬದಿಯ ವರ್ಕ್‌ಶಾಪಿನಲ್ಲಿ ಕೊರಗಪ್ಪಣ್ಣ, ಇಪ್ಪತ್ತೆರಡು ವರ್ಷಗಳಿಂದ ಚಿತ್ರಗಳಿಗೆ ಫ್ರೇಮ್ ಹಾಕುವವರು. ಯಜಮಾನರ ಮಾತನ್ನು ಅವರಿಗೆ ಮುಟ್ಟಿಸುವುದು ನನ್ನ ಕೆಲಸ.

ಸೋಮವಾರ ಅಬುಧಾಬಿಯ ಗಿರಾಕಿಯೊಬ್ಬರು ಒಂದು ಚಿತ್ರ ಕೊಟ್ಟುಹೋದರು. ಸೈನಿಕರನ್ನೇ ಜೀವನವಿಡೀ ಚಿತ್ರಿಸಿದ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಲಾವಿದನೊಬ್ಬನ ಕೈಯದು. ಬರೀ ಪೆನ್ನು, ಶಾಯಿ. ಬೆನ್ನಿನ ಚೀಲ ಇಳಿಸದೆ, ಬಂದೂಕಿಗೆ ಒರಗಿ, ಯಾರದೋ ಆಜ್ಞೆಗೆ ಕಾಯುತ್ತ ನಿಂತ ಸಿಪಾಯಿ. ಬೂಟಿನ ಕೆಳಗೆ, ಕಾಗದದ ಅಂಚಿಗೆ ಕಂದು ಕಲೆ. ಅದೇ ಅಂಚಿನ ಹಿಂಬದಿಯಲ್ಲಿ, ಕಲಾವಿದನ ಅಕ್ಷರದಲ್ಲಿ, ಆ ಸಿಪಾಯಿಯ ಹೆಸರು.

"ಕಲೆಯನ್ನು ಮೌಂಟಿನ ರಟ್ಟಿನಡಿ ಮುಚ್ಚಲಿಕ್ಕೆ ಹೇಳು. ಕಾಗದಕ್ಕೆ ಬ್ಲೇಡ್ ತಾಗಬಾರದು," ಎಂದರು ಯಜಮಾನರು.

ನಾನು ಹೇಳುವ ಮೊದಲೇ ಕೊರಗಪ್ಪಣ್ಣನ ಫೋನು ಬಂತು. "ಮಗಾ, ಈ ಕಲೆಯ ಅಂಚು ಕತ್ತರಿಸುವುದಾ?"

"ಕತ್ತರಿಸಬೇ..." ಎಂದೆ. ಆಚೆ ಗರಗಸ ಕಿರುಚಿತು. "ಡಿ" ಗಂಟಲಲ್ಲೇ ಉಳಿಯಿತು. ಅವರು ಅದನ್ನು "ಬೇಕು" ಮಾಡಿಕೊಂಡರು. ಕತ್ತರಿಸಿದ ಚೂರು ಸಂಜೆಯ ಕಸದೊಡನೆ ಹೋಯಿತು.

ಇವತ್ತು ಗಿರಾಕಿ ಬಂದು, ಚಿತ್ರ ತಿರುಗಿಸಿ ನೋಡಿ, ಕೂಗಾಡಿ ಹೋದರು. ಆಮೇಲೆ ಯಜಮಾನರ ಸರದಿ.

"ಅಂಜಲ್ ಮೀನು ಅಂತ ಗ್ರಹಿಸಿದ್ದಾ ಮಾರಾಯ, ಬಾಲ ಕೊಯ್ಯಲಿಕ್ಕೆ? ಯಾರು ಹೇಳಿದ್ದು ನಿನಗೆ?"

ಕೊರಗಪ್ಪಣ್ಣ ನನ್ನ ಕಡೆ ನೋಡಲೇ ಇಲ್ಲ. "ನನಗೆ ಹಾಗೆ ಕೇಳಿಸಿತು, ಧಣಿ."

"ಓಹೋ, ಕಿವಿಯೂ ಹೋಯ್ತು! ವೀಸಾವೂ ಖಲಾಸ್. ಅಮಿತಾ, ಇವನನ್ನು ಕೆಲಸದಿಂದ ತೆಗೆಯುವ ಲೆಟರ್ ಟೈಪ್ ಮಾಡು. ಕಿವಿ ಕೇಳುವುದಿಲ್ಲ, ಸ್ವಂತ ಬುದ್ಧಿ ಓಡಿಸಿ ಹಾಳು ಮಾಡಿದ ಅಂತ."

ಗಾಜನ್ನು ಉಗುರಿನಿಂದ ತಟ್ಟಿ, ಕಣ್ಣಿಗೆ ಕಾಣದ ಬಿರುಕನ್ನು ಕೇಳಿಸಿಕೊಳ್ಳುವ ಕಿವಿ ಅದು. ನನಗೆ ಸಿಟ್ಟು ನೆತ್ತಿಗೇರಿತು. ಆ ಮೀನಿನ ಕುಹಕದ ಮೇಲೆ, ಎಳೆ ಮಗುವೆಂಬಂತೆ ನನ್ನನ್ನು ಕಾಯುತ್ತಿದ್ದ ಮುದುಕನ ಮೇಲೆ, ಮೇಜಿನ ಮೇಲೆ ಹೆಸರೂ ನೆಲವೂ ಇಲ್ಲದೆ ಇನ್ನೂ ಆಜ್ಞೆಗೆ ಕಾಯುತ್ತಿದ್ದ ಆ ಸಿಪಾಯಿಯ ಮೇಲೂ. ಎಲ್ಲಕ್ಕಿಂತ ಹೆಚ್ಚು, ಈ ನನ್ನ ದರಿದ್ರ ಗಂಟಲಿನ ಮೇಲೆ.

"ಎಂತ, ನಿನ್ನ ಬೆರಳೂ ಹೋಯ್ತಾ? ಯಲ್ಲಾ, ಬೇಗ!"

ಕೀಬೋರ್ಡನ್ನು ಆಚೆ ತಳ್ಳಿ ಎದ್ದು ನಿಂತೆ. ಕೊರಗಪ್ಪಣ್ಣ ತಲೆಯಾಡಿಸಿದರು. "ಬೇಡ ಮಗಾ."

ಅವರ "ಬೇಡ" ಎಷ್ಟು ಸ್ಪಷ್ಟವಾಗಿತ್ತು!

"ಅವರ ಕಿವಿಗೆ ಏನೂ ಆಗಿಲ್ಲ, ಸರ್," ಎಂದೆ. "ಕತ್ತರಿಸಬೇಡಿ ಅನ್ನುವುದನ್ನು ಪೂರ್ತಿ ಹೇಳದವಳು ನಾನು."